ಕೆನಡಾ ಖಾಯಂ ವಾಸ: ಸರಕಾರಕ್ಕೆ ಕಟ್ಟುವ ಶುಲ್ಕ ಎಷ್ಟು? ಯಾವಾಗ, ಹೇಗೆ ಕಟ್ಟಬೇಕು?

ಕರಾವಳಿಯ ಮನೆಗಳಿಂದ ದುಡಿಮೆಗಾಗಿ ಊರು ಬಿಡುವುದು ಹೊಸ ಸಂಗತಿಯಲ್ಲ. ಅಜ್ಜಂದಿರು ಮುಂಬಯಿಗೆ ಹೋದರು, ಅಪ್ಪಂದಿರು ಗಲ್ಫಿಗೆ ಹೋದರು. ಗಲ್ಫಿನಲ್ಲಿ ಎಷ್ಟು ವರ್ಷ ದುಡಿದರೂ ಕೆಲಸ ಮುಗಿದ ಮೇಲೆ ಸಾಮಾನ್ಯ ನೌಕರರು ಊರಿಗೆ ಮರಳಲೇಬೇಕು. ಆದುದರಿಂದ ಮಕ್ಕಳ ವಿದ್ಯಾಭ್ಯಾಸ ಹಾಗೂ ಭವಿಷ್ಯವನ್ನು ಯೋಚಿಸುವ ಅನೇಕ ಕುಟುಂಬಗಳು ಇಂದು ಕೆನಡಾದ ಖಾಯಂ ವಾಸದ ಪರವಾನಿಗೆಗೆ ಅರ್ಜಿ ಹಾಕುತ್ತಿವೆ. ಅರ್ಜಿ ಹಾಕುವಾಗ ಎಲ್ಲರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಒಟ್ಟು ಎಷ್ಟು ಖರ್ಚಾಗುತ್ತದೆ?

ಈ ಪ್ರಶ್ನೆಗೆ ಏಜೆಂಟರು ಸಾಮಾನ್ಯವಾಗಿ ಒಂದೇ ದೊಡ್ಡ ಮೊತ್ತವನ್ನು ಹೇಳುತ್ತಾರೆ. ಅದರಲ್ಲಿ ಸರಕಾರಕ್ಕೆ ಹೋಗುವುದೆಷ್ಟು, ಡಾಕ್ಟರಿಗೆ ಹೋಗುವುದೆಷ್ಟು, ಏಜೆಂಟರ ಕಿಸೆಗೆ ಹೋಗುವುದೆಷ್ಟು ಎಂಬುದು ಹಣ ಕೊಡುವವರಿಗೆ ತಿಳಿಯುವುದಿಲ್ಲ. ಕೆಲವರು ಚಿನ್ನ ಅಡವಿಟ್ಟು, ಕೆಲವರು ಜಾಗ ಮಾರಿ ಈ ಹಣವನ್ನು ಹೊಂದಿಸುತ್ತಾರೆ. ನಿಜಕ್ಕೂ ಸರಕಾರಿ ಶುಲ್ಕವೆಂಬುದು ಗುಟ್ಟಿನ ವಿಷಯವಲ್ಲ. ಅದು ಬಹಿರಂಗ ದರಪಟ್ಟಿಯಲ್ಲಿದೆ, ಎಲ್ಲರಿಗೂ ಒಂದೇ ಆಗಿದೆ, ಕಟ್ಟಿದ್ದಕ್ಕೆ ರಶೀದಿ ಸಿಗುತ್ತದೆ. ಇದನ್ನು ಅರ್ಜಿದಾರರು ತಾವೇ ಲೆಕ್ಕ ಹಾಕಿ ತಾವೇ ಕಟ್ಟಬಹುದು. ಓದುಗರ ಅನುಕೂಲಕ್ಕಾಗಿ ಇದರ ವಿವರಗಳನ್ನು ಇಲ್ಲಿ ಒಟ್ಟುಗೂಡಿಸಿ ಕೊಡುತ್ತಿದ್ದೇವೆ.

ಯಾವುದು ಸರಕಾರಿ ಶುಲ್ಕ, ಯಾವುದು ಅಲ್ಲ?

ಕೆನಡಾದಲ್ಲಿ ವಲಸೆಯ ವ್ಯವಹಾರವನ್ನು ನೋಡಿಕೊಳ್ಳುವುದು ಅಲ್ಲಿನ ಕೇಂದ್ರ ಸರಕಾರದ ವಲಸೆ, ನಿರಾಶ್ರಿತ ಮತ್ತು ಪೌರತ್ವ ಇಲಾಖೆ. ಇದನ್ನು ಚುಟುಕಾಗಿ ಐಆರ್‌ಸಿಸಿ ಎನ್ನುತ್ತಾರೆ. ಖಾಯಂ ವಾಸದ ಅರ್ಜಿಗೆ ಈ ಇಲಾಖೆ ಮುಖ್ಯವಾಗಿ ಮೂರು ಬಗೆಯ ಶುಲ್ಕ ಪಡೆಯುತ್ತದೆ.

1. ಅರ್ಜಿ ಪರಿಶೀಲನಾ ಶುಲ್ಕ. ಅರ್ಜಿಯನ್ನು ಓದಿ, ದಾಖಲೆಗಳನ್ನು ಪರೀಕ್ಷಿಸಿ ತೀರ್ಮಾನ ಮಾಡುವ ಕೆಲಸಕ್ಕಾಗಿ.
2. ಖಾಯಂ ವಾಸದ ಹಕ್ಕಿನ ಶುಲ್ಕ. ಅರ್ಜಿ ಮಂಜೂರಾಗಿ ಖಾಯಂ ನಿವಾಸಿ ಆಗುವುದಕ್ಕಾಗಿ.
3. ಬಯೋಮೆಟ್ರಿಕ್ ಶುಲ್ಕ. ಬೆರಳಚ್ಚು ಮತ್ತು ಭಾವಚಿತ್ರ ತೆಗೆಯುವುದಕ್ಕಾಗಿ.

ಇಂಗ್ಲಿಷ್ ಭಾಷಾ ಪರೀಕ್ಷೆ, ನಮ್ಮ ಪದವಿಗಳು ಕೆನಡಾದ ಯಾವ ಪದವಿಗೆ ಸಮಾನವೆಂದು ತೋರಿಸುವ ವರದಿ, ವೈದ್ಯಕೀಯ ತಪಾಸಣೆ, ದಾಖಲೆಗಳ ಭಾಷಾಂತರ ಇವೆಲ್ಲಕ್ಕೂ ಖರ್ಚಿದೆ. ಆದರೆ ಅದು ಕೆನಡಾ ಸರಕಾರಕ್ಕೆ ಹೋಗುವ ಹಣವಲ್ಲ. ವೈದ್ಯಕೀಯ ತಪಾಸಣೆಯ ಹಣವನ್ನು ಇಲಾಖೆಯ ಪಟ್ಟಿಯಲ್ಲಿರುವ ಡಾಕ್ಟರಿಗೇ ನೇರವಾಗಿ ಕೊಡಬೇಕು. ಅರ್ಜಿ ತಿರಸ್ಕೃತವಾದರೂ ಆ ಹಣ ಹಿಂದೆ ಸಿಗದು. ಪೊಲೀಸ್ ಪ್ರಮಾಣಪತ್ರಕ್ಕೆ ನಮ್ಮ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿ ಕಟ್ಟಬೇಕು. ಅದು ಭಾರತ ಸರಕಾರದ ಶುಲ್ಕ. ಗಲ್ಫಿನಲ್ಲಿ ಇದ್ದವರು ಗಮನಿಸಬೇಕಾದ ವಿಷಯವೆಂದರೆ, ಕಳೆದ ಹತ್ತು ವರ್ಷಗಳಲ್ಲಿ ಯಾವ ದೇಶದಲ್ಲಿ ಒಂದೇ ಸಮನೆ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ವಾಸವಾಗಿದ್ದರೋ ಆ ಪ್ರತಿ ದೇಶದ ಪೊಲೀಸ್ ಪ್ರಮಾಣಪತ್ರವೂ ಬೇಕಾಗುತ್ತದೆ. ಅದರ ಖರ್ಚು ಬೇರೆ.

ಉದ್ಯೋಗ ಆಧಾರಿತ ಅರ್ಜಿಯ ದರಗಳು

ನುರಿತ ನೌಕರರಾಗಿ, ಅಂದರೆ ಎಕ್ಸ್‌ಪ್ರೆಸ್ ಎಂಟ್ರಿ ಅಥವಾ ಪ್ರಾಂತ್ಯದ ನಾಮಕರಣದ ಮೂಲಕ ಹೋಗುವವರಿಗೆ 2024ರ ಏಪ್ರಿಲ್ 30ರಂದು ಜಾರಿಗೆ ಬಂದ ದರಗಳು ಕೆನಡಾ ಡಾಲರುಗಳಲ್ಲಿ ಹೀಗಿವೆ:

ಮುಖ್ಯ ಅರ್ಜಿದಾರರ ಪರಿಶೀಲನಾ ಶುಲ್ಕ: 950
ಜೊತೆಗೆ ಬರುವ ಪತಿ ಅಥವಾ ಪತ್ನಿಯ ಪರಿಶೀಲನಾ ಶುಲ್ಕ: 950
ಜೊತೆಗೆ ಬರುವ ಅವಲಂಬಿತ ಮಗು, ತಲಾ: 260
ಖಾಯಂ ವಾಸದ ಹಕ್ಕಿನ ಶುಲ್ಕ, ದೊಡ್ಡವರಿಗೆ ತಲಾ: 575
ಬಯೋಮೆಟ್ರಿಕ್, ಒಬ್ಬರಿಗೆ: 85
ಬಯೋಮೆಟ್ರಿಕ್, ಒಟ್ಟಿಗೆ ಅರ್ಜಿ ಹಾಕುವ ಕುಟುಂಬಕ್ಕೆ ಗರಿಷ್ಠ: 170

ಅವಲಂಬಿತ ಮಕ್ಕಳಿಗೆ ಖಾಯಂ ವಾಸದ ಹಕ್ಕಿನ ಶುಲ್ಕ ಇಲ್ಲ. ಅವಲಂಬಿತ ಮಗು ಎಂದರೆ ಸಾಮಾನ್ಯವಾಗಿ 22 ವರ್ಷದೊಳಗಿನ, ಮದುವೆಯಾಗದ ಮಗ ಅಥವಾ ಮಗಳು. ಬಯೋಮೆಟ್ರಿಕ್ 14ರಿಂದ 79 ವರ್ಷದವರಿಗೆ ಮಾತ್ರ ಅನ್ವಯಿಸುತ್ತದೆ.

ಈ ದರಗಳು ಸದಾಕಾಲ ಹೀಗೇ ಇರುವುದಿಲ್ಲ. ಕೆನಡಾದ ನಿಯಮದಂತೆ ಎರಡು ವರ್ಷಕ್ಕೊಮ್ಮೆ, ಏಪ್ರಿಲ್ 30ರಂದು, ಅಲ್ಲಿನ ಬೆಲೆಯೇರಿಕೆಗೆ ಅನುಗುಣವಾಗಿ ಪರಿಶೀಲನಾ ಶುಲ್ಕ ಮತ್ತು ಹಕ್ಕಿನ ಶುಲ್ಕವನ್ನು ಪರಿಷ್ಕರಿಸಲಾಗುತ್ತದೆ. ಮುಖ್ಯ ಅರ್ಜಿದಾರರ ಪರಿಶೀಲನಾ ಶುಲ್ಕ 2020ರಲ್ಲಿ 550ರಿಂದ 825 ಡಾಲರಿಗೆ, 2022ರಲ್ಲಿ 850ಕ್ಕೆ, 2024ರಲ್ಲಿ 950ಕ್ಕೆ ಏರಿತು. ಈ ಸರದಿಯಲ್ಲಿ ಮುಂದಿನ ದಿನಾಂಕ 2026ರ ಏಪ್ರಿಲ್ 30. ಅದರ ನಂತರ ಹಣ ಕಟ್ಟುವವರು ಇಲಾಖೆಯ ಜಾಲತಾಣದಲ್ಲಿರುವ ಹೊಸ ಪಟ್ಟಿಯನ್ನು ನೋಡಿಯೇ ಕಟ್ಟಬೇಕು. ಮೇಲಿನ ಅಂಕೆಗಳು ಲೆಕ್ಕದ ರೀತಿಯನ್ನು ತಿಳಿಯಲು ಉಪಯೋಗಕ್ಕೆ ಬರುತ್ತವೆ.

ಒಂದು ಕುಟುಂಬದ ಲೆಕ್ಕ

ಗಂಡ, ಹೆಂಡತಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಕುಟುಂಬ ಎಂದಿಟ್ಟುಕೊಳ್ಳೋಣ. 2024ರ ದರದಂತೆ ದೊಡ್ಡವರಿಬ್ಬರಿಗೆ ಪರಿಶೀಲನಾ ಶುಲ್ಕ 1,900 ಡಾಲರ್, ಹಕ್ಕಿನ ಶುಲ್ಕ 1,150 ಡಾಲರ್, ಮಕ್ಕಳಿಬ್ಬರಿಗೆ 520 ಡಾಲರ್, ಬಯೋಮೆಟ್ರಿಕ್ 170 ಡಾಲರ್. ಒಟ್ಟು 3,740 ಡಾಲರ್. ಒಂದು ಕೆನಡಾ ಡಾಲರಿಗೆ 62 ರೂಪಾಯಿ ಎಂದು ಹಿಡಿದರೆ ಇದು ಸುಮಾರು 2 ಲಕ್ಷ 32 ಸಾವಿರ ರೂಪಾಯಿ.

ಇದು ಸಣ್ಣ ಮೊತ್ತವಲ್ಲ. ಆದರೆ ಇದೇ ಕುಟುಂಬಕ್ಕೆ ಯಾರಾದರೂ "ಸರಕಾರಿ ಫೀಸು ಏಳೆಂಟು ಲಕ್ಷ ಆಗುತ್ತದೆ" ಎಂದರೆ ಅದು ಸರಿಯಲ್ಲವೆಂದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಕಾಗದ ಪೆನ್ನು ಹಿಡಿದು ಹತ್ತು ನಿಮಿಷ ಕುಳಿತರೆ ಪ್ರತಿಯೊಂದು ಮನೆಯವರೂ ತಮ್ಮ ಲೆಕ್ಕವನ್ನು ಹೀಗೆ ಮಾಡಿಕೊಳ್ಳಬಹುದು.

ಶುಲ್ಕ ಉಳಿಸಲು ಹೋಗಿ ಮಗುವಿನ ಹೆಸರನ್ನೇ ಅರ್ಜಿಯಲ್ಲಿ ಬರೆಯದೆ ಬಿಡುವುದು ಅತ್ಯಂತ ಅಪಾಯಕಾರಿ. ಊರಿನಲ್ಲಿ ಅಜ್ಜಿಯ ಮನೆಯಲ್ಲಿ ಓದುತ್ತಿರುವ ಮಗು ಈಗ ಜೊತೆಗೆ ಬರುವುದಿಲ್ಲವಾದರೂ ಅದರ ಹೆಸರು ಅರ್ಜಿಯಲ್ಲಿ ಇರಲೇಬೇಕು, ಇಲಾಖೆ ಹೇಳಿದ ತಪಾಸಣೆಯೂ ಆಗಬೇಕು. ಹೆಸರು ಬಿಟ್ಟರೆ ಮುಂದೆ ಆ ಮಗುವನ್ನು ಕುಟುಂಬದ ಸದಸ್ಯನೆಂದು ಕರೆಸಿಕೊಳ್ಳುವ ದಾರಿಯೇ ಮುಚ್ಚಿಹೋಗಬಹುದು. 260 ಡಾಲರ್ ಉಳಿಸಲು ಇಂಥ ಅಪಾಯವನ್ನು ಯಾರೂ ಮೈಮೇಲೆ ಎಳೆದುಕೊಳ್ಳಬಾರದು.

ಪತಿ, ಪತ್ನಿ, ತಂದೆ, ತಾಯಿಯನ್ನು ಕರೆಸಿಕೊಳ್ಳುವಾಗ

ಕೆನಡಾದಲ್ಲಿ ಈಗಾಗಲೇ ಖಾಯಂ ನಿವಾಸಿ ಅಥವಾ ಪ್ರಜೆಯಾದವರು ತಮ್ಮವರನ್ನು ಪ್ರಾಯೋಜಿಸುವಾಗ ದರ ಬೇರೆ. 2024ರ ಪಟ್ಟಿಯಂತೆ ಪ್ರಾಯೋಜನಾ ಶುಲ್ಕ 85 ಡಾಲರ್, ಬರುವವರ ಪರಿಶೀಲನಾ ಶುಲ್ಕ 545 ಡಾಲರ್, ಹಕ್ಕಿನ ಶುಲ್ಕ 575 ಡಾಲರ್. ಒಟ್ಟು 1,205 ಡಾಲರ್. ಇದಕ್ಕೆ ಬಯೋಮೆಟ್ರಿಕ್ 85 ಡಾಲರ್ ಸೇರಿಸಬೇಕು. ಊರಿನಲ್ಲಿ ಮದುವೆಯಾಗಿ ಗಂಡನೋ ಹೆಂಡತಿಯೋ ಕೆನಡಾಕ್ಕೆ ಮರಳಿದ ನಂತರ ಹಾಕುವ ಅರ್ಜಿಗೆ ಅನ್ವಯಿಸುವುದು ಈ ಲೆಕ್ಕವೇ. ಮಗುವನ್ನು ಮಾತ್ರ ಕರೆಸಿಕೊಳ್ಳುವುದಾದರೆ ಪ್ರಾಯೋಜನಾ ಶುಲ್ಕ 85 ಮತ್ತು ಮಗುವಿನ ಪರಿಶೀಲನಾ ಶುಲ್ಕ 85, ಹಕ್ಕಿನ ಶುಲ್ಕ ಇಲ್ಲ.

ಹಕ್ಕಿನ ಶುಲ್ಕದ ಹಿನ್ನೆಲೆ

ಮೂರು ಶುಲ್ಕಗಳಲ್ಲಿ ಹೆಚ್ಚಿನವರಿಗೆ ಅರ್ಥವಾಗದೆ ಉಳಿಯುವುದು ಹಕ್ಕಿನ ಶುಲ್ಕ. ಕೆನಡಾ ಸರಕಾರ 1995ರ ಬಜೆಟ್ಟಿನಲ್ಲಿ ಇದನ್ನು ಜಾರಿಗೆ ತಂದಾಗ ಮೊತ್ತ ತಲಾ 975 ಡಾಲರ್ ಆಗಿತ್ತು. ವಲಸೆ ಬರುವ ಬಡವರ ಮೇಲೆ ಇದು ತಲೆಗಂದಾಯವೆಂಬ ಟೀಕೆ ಅಲ್ಲಿಯೇ ಕೇಳಿಬಂತು. 2000ದಲ್ಲಿ ನಿರಾಶ್ರಿತರಿಗೆ ಇದರಿಂದ ವಿನಾಯಿತಿ ದೊರೆಯಿತು. 2006ರಲ್ಲಿ ಮೊತ್ತವನ್ನು 490 ಡಾಲರಿಗೆ ಇಳಿಸಲಾಯಿತು. 2020ರಲ್ಲಿ 500, 2022ರಲ್ಲಿ 515, 2024ರಲ್ಲಿ 575 ಎಂದು ಮತ್ತೆ ಏರುತ್ತಾ ಬಂದಿದೆ.

ಈ ಶುಲ್ಕದ ಬಗ್ಗೆ ಅರ್ಜಿದಾರರು ಎರಡು ವಿಷಯಗಳನ್ನು ನೆನಪಿಡಬೇಕು.

ಮೊದಲನೆಯದು, ಇದು ಹಿಂದೆ ಸಿಗುವ ಹಣ. ಅರ್ಜಿ ತಿರಸ್ಕೃತವಾದರೆ, ಅಥವಾ ಖಾಯಂ ನಿವಾಸಿ ಆಗುವ ಮೊದಲೇ ಅರ್ಜಿಯನ್ನು ಹಿಂತೆಗೆದುಕೊಂಡರೆ ಇಲಾಖೆ ಇದನ್ನು ಮರಳಿಸುತ್ತದೆ. ಪರಿಶೀಲನಾ ಶುಲ್ಕ ಹಾಗಲ್ಲ. ಪರಿಶೀಲನೆ ಆರಂಭವಾದ ಮೇಲೆ ಫಲಿತಾಂಶ ಏನೇ ಬಂದರೂ ಅದು ಹಿಂದೆ ಸಿಗದು. ಆದುದರಿಂದ ಅರ್ಜಿ ತಿರಸ್ಕೃತವಾದಾಗ "ಸರಕಾರಕ್ಕೆ ಕಟ್ಟಿದ್ದೆಲ್ಲ ಹೋಯಿತು" ಎಂದು ಯಾರಾದರೂ ಹೇಳಿದರೆ ಅದು ಪೂರ್ತಿ ನಿಜವಲ್ಲ. ಮೇಲಿನ ಉದಾಹರಣೆಯ ಕುಟುಂಬಕ್ಕೆ 1,150 ಡಾಲರ್ ಮರಳಿ ಬರಬೇಕು. ಏಜೆಂಟರು ತಮ್ಮ ಕಾರ್ಡಿನಿಂದ ಕಟ್ಟಿದ್ದರೆ ಈ ಹಣ ಯಾರ ಕೈ ಸೇರುತ್ತದೆ ಎಂಬುದನ್ನು ಮೊದಲೇ ಯೋಚಿಸಬೇಕು.

ಎರಡನೆಯದು, ಇದನ್ನು ಅರ್ಜಿಯ ಜೊತೆಗೇ ಕಟ್ಟಬಹುದು, ಅಥವಾ ಇಲಾಖೆ ಕೇಳಿದಾಗ ಕಟ್ಟಬಹುದು. ಮೊದಲೇ ಕಟ್ಟಿದರೆ ಕೊನೆಯ ಹಂತದಲ್ಲಿ ತಡವಾಗುವುದಿಲ್ಲ. ನಡುವೆ ದರ ಏರಿದರೂ ಪೂರ್ತಿ ಕಟ್ಟಿದವರು ವ್ಯತ್ಯಾಸ ಕೊಡಬೇಕಾಗಿಲ್ಲ. ತಡಮಾಡಿ ಕಟ್ಟುವವರು ಕಟ್ಟುವ ದಿನದ ದರವನ್ನು ಕೊಡಬೇಕು. ಕೈಯಲ್ಲಿ ಹಣವಿದ್ದವರು ಒಟ್ಟಿಗೇ ಕಟ್ಟುವುದು ಉತ್ತಮ.

ಪ್ರಾಂತ್ಯದ ಶುಲ್ಕ ಬೇರೆ

ಪ್ರಾಂತ್ಯದ ನಾಮಕರಣದ ದಾರಿಯಲ್ಲಿ ಹೋಗುವವರು ಆ ಪ್ರಾಂತ್ಯದ ಸರಕಾರಕ್ಕೂ ಶುಲ್ಕ ಕಟ್ಟಬೇಕಾಗಬಹುದು. ಇದು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬದಲಾಗುತ್ತದೆ. ಉದಾಹರಣೆಗೆ 2025ರಲ್ಲಿ ಮ್ಯಾನಿಟೋಬಾದ ಶುಲ್ಕ 500 ಡಾಲರ್ ಇದ್ದರೆ ಒಂಟಾರಿಯೊದಲ್ಲಿ ಹೆಚ್ಚಿನ ವಿಭಾಗಗಳಿಗೆ 1,500 ಡಾಲರ್ ಇತ್ತು. ಈ ಹಣ ಕೇಂದ್ರದ ಶುಲ್ಕದಲ್ಲಿ ಕಳೆಯುವುದಿಲ್ಲ. ಅದರ ಮೇಲಿನ ಖರ್ಚು.

ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಮೊದಲ ಹಂತ ಉಚಿತ

ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಮೊದಲು ನಮ್ಮ ವಯಸ್ಸು, ವಿದ್ಯೆ, ಅನುಭವ, ಭಾಷಾ ಪರೀಕ್ಷೆಯ ಅಂಕ ಇತ್ಯಾದಿಗಳನ್ನು ನಮೂದಿಸಿ ಪ್ರೊಫೈಲ್ ಮಾಡಬೇಕು. ಇದಕ್ಕೆ ಸರಕಾರ ಒಂದು ಪೈಸೆಯನ್ನೂ ಪಡೆಯುವುದಿಲ್ಲ. ಅಂಕಗಳ ಲೆಕ್ಕ ಹಾಕುವ ಸೌಲಭ್ಯವೂ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿದೆ. "ಪ್ರೊಫೈಲ್ ಹಾಕಲು ಸರಕಾರಿ ಫೀಸು" ಎಂದು ಯಾರಾದರೂ ಹಣ ಕೇಳಿದರೆ ಆ ಮಾತು ಸುಳ್ಳು.

ಅಂಕ ಸಾಕಷ್ಟಿದ್ದು ಇಲಾಖೆಯಿಂದ ಆಹ್ವಾನ ಬಂದ ಮೇಲೆ ಮಾತ್ರ ಶುಲ್ಕದ ಪ್ರಶ್ನೆ ಬರುತ್ತದೆ. ಆಹ್ವಾನ ಬಂದ ದಿನದಿಂದ 60 ದಿನಗಳೊಳಗೆ ಎಲ್ಲಾ ದಾಖಲೆ ಮತ್ತು ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬೇಕು. ಶುಲ್ಕ ಕಡಿಮೆಯಾದರೆ ಅಥವಾ ಬೇಕಾದ ದಾಖಲೆ ಇಲ್ಲದಿದ್ದರೆ ಅರ್ಜಿ ಅಪೂರ್ಣವೆಂದು ಮರಳಿ ಬರುತ್ತದೆ. ಅಷ್ಟರಲ್ಲಿ 60 ದಿನ ಕಳೆದಿದ್ದರೆ ಆಹ್ವಾನವೂ ಕೈತಪ್ಪುತ್ತದೆ. 2025ರ ಆಗಸ್ಟ್ 21ರಿಂದ ವೈದ್ಯಕೀಯ ತಪಾಸಣೆಯನ್ನೂ ಅರ್ಜಿಗೆ ಮೊದಲೇ ಮಾಡಿಸಿಕೊಳ್ಳಬೇಕೆಂಬ ನಿಯಮ ಬಂದಿದೆ. ಹೀಗಾಗಿ ಆಹ್ವಾನ ಬಂದ ನಂತರ ಹಣಕ್ಕಾಗಿ ಓಡಾಡುವುದಕ್ಕಿಂತ ಮೊದಲೇ ಹೊಂದಿಸಿ ಇಡುವುದು ಒಳ್ಳೆಯದು.

ಹಣ ಕಟ್ಟುವ ಕ್ರಮ

ಶುಲ್ಕವನ್ನು ಇಲಾಖೆಯ ಅಂತರ್ಜಾಲ ಖಾತೆಯಲ್ಲಿಯೇ ಕ್ರೆಡಿಟ್ ಕಾರ್ಡ್ ಅಥವಾ ಡೆಬಿಟ್ ಕಾರ್ಡ್ ಮೂಲಕ ಕಟ್ಟಬೇಕು. ಇಲಾಖೆಯ ಜಾಲತಾಣದ ವಿಳಾಸ "ಕೆನಡಾ ಡಾಟ್ ಸಿಎ" ಅಥವಾ "ಜಿಸಿ ಡಾಟ್ ಸಿಎ" ಎಂದು ಮುಗಿಯುತ್ತದೆ. ಅದನ್ನೇ ಹೋಲುವ ಬೇರೆ ವಿಳಾಸಗಳಿಗೆ ಮೋಸಹೋಗಬಾರದು.

ಭಾರತದ ಕಾರ್ಡಿನಿಂದ ಕಟ್ಟುವವರು ಕೆಲವು ವಿಷಯ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್ 16ರ ನಂತರ ಕೊಡುವ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ತಾನಾಗಿ ತೆರೆದಿರುವುದಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಅಥವಾ ಶಾಖೆಗೆ ಹೋಗಿ ಅದನ್ನು ತೆರೆಸಬೇಕು. ಕಾರ್ಡಿನ ಮಿತಿ ಶುಲ್ಕದ ಮೊತ್ತಕ್ಕೆ ಸಾಕಾಗುತ್ತದೆಯೇ ಎಂದು ನೋಡಬೇಕು. ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕುಗಳು ಶೇಕಡಾವಾರು ಲೆಕ್ಕದಲ್ಲಿ ಹೆಚ್ಚುವರಿ ಹಣ ಹಿಡಿಯುತ್ತವೆ, ಅದರ ಮೇಲೆ ಜಿಎಸ್‌ಟಿಯೂ ಇದೆ. ಈ ದರ 3.5 ಶೇಕಡಾ ಇದ್ದರೆ 2 ಲಕ್ಷ 32 ಸಾವಿರದ ಮೇಲೆ ಎಂಟು ಸಾವಿರಕ್ಕೂ ಮಿಕ್ಕಿ ಖರ್ಚು ಬರುತ್ತದೆ. ಎರಡು ಬ್ಯಾಂಕುಗಳ ದರ ವಿಚಾರಿಸಿದರೆ ಉಳಿತಾಯವಾದೀತು. ಗಲ್ಫಿನಲ್ಲಿರುವ ಮಗನೋ ಮಗಳೋ ತಮ್ಮ ಕಾರ್ಡಿನಿಂದ ಕಟ್ಟಿದರೂ ಆಗುತ್ತದೆ. ರಶೀದಿ ಮಾತ್ರ ಅರ್ಜಿದಾರರ ಕೈಯಲ್ಲಿ ಇರಬೇಕು.

ಪಾವತಿಯಾದ ಕೂಡಲೇ ಬರುವ ರಶೀದಿಯನ್ನು ಕಂಪ್ಯೂಟರಿನಲ್ಲಿ ಉಳಿಸಿ, ಒಂದು ಪ್ರತಿಯನ್ನು ಮುದ್ರಿಸಿ ಇಡಿ. ಹಣ ಹಿಂದೆ ಪಡೆಯುವ ಸಂದರ್ಭ ಬಂದರೆ ಅದೇ ಆಧಾರ. ಬಯೋಮೆಟ್ರಿಕ್ ಶುಲ್ಕ ಕಟ್ಟಿದ ನಂತರ ಇಲಾಖೆಯ ಪತ್ರ ಬರುತ್ತದೆ. ಅದನ್ನು ಹಿಡಿದು ವೀಸಾ ಅರ್ಜಿ ಕೇಂದ್ರಕ್ಕೆ ಹೋಗಬೇಕು. ನಮ್ಮ ರಾಜ್ಯದಲ್ಲಿ ಈ ಕೇಂದ್ರ ಬೆಂಗಳೂರಿನಲ್ಲಿದೆ. ಬೆರಳಚ್ಚು ತೆಗೆಯುವ ಕೆಲಸಕ್ಕೆ ಅಲ್ಲಿ ಮತ್ತೆ ಶುಲ್ಕವಿಲ್ಲ. ಕೊರಿಯರ್ ಮುಂತಾದ ಐಚ್ಛಿಕ ಸೇವೆ ಬೇಕಾದವರು ಮಾತ್ರ ಅದರ ಹಣ ಕೊಟ್ಟರಾಯಿತು.

ತೋರಿಸುವ ಹಣ ಶುಲ್ಕವಲ್ಲ

ನುರಿತ ನೌಕರರಾಗಿ ಹೋಗುವವರು ಕೆನಡಾದಲ್ಲಿ ನೆಲೆ ನಿಲ್ಲಲು ಬೇಕಾದ ಹಣ ತಮ್ಮಲ್ಲಿದೆ ಎಂದು ಬ್ಯಾಂಕಿನ ಪತ್ರದ ಮೂಲಕ ತೋರಿಸಬೇಕಾಗುತ್ತದೆ. 2025ರ ಜುಲೈಯಲ್ಲಿ ಪ್ರಕಟವಾದ ಪಟ್ಟಿಯಂತೆ ಒಬ್ಬರಿಗೆ 15,263 ಡಾಲರ್, ನಾಲ್ಕು ಮಂದಿಯ ಕುಟುಂಬಕ್ಕೆ 28,362 ಡಾಲರ್. ಈ ಪಟ್ಟಿ ವರ್ಷಂಪ್ರತಿ ಬದಲಾಗುತ್ತದೆ. ಕೆನಡಾದಲ್ಲಿ ಕೆಲಸ ಮಾಡಿದ ಅನುಭವದ ವಿಭಾಗದಲ್ಲಿ ಅರ್ಜಿ ಹಾಕುವವರಿಗೆ ಇದು ಬೇಕಾಗಿಲ್ಲ.

ಈ ಹಣವನ್ನು ಸರಕಾರಕ್ಕೆ ಕಟ್ಟಬೇಕಾಗಿಲ್ಲ, ಏಜೆಂಟರ ಖಾತೆಗೆ ಹಾಕಬೇಕಾಗಿಯೂ ಇಲ್ಲ. ಅದು ನಿಮ್ಮ ಖಾತೆಯಲ್ಲಿ ನಿಮ್ಮದಾಗಿಯೇ ಇರಬೇಕಾದ ಹಣ. ಬೇರೆಯವರಿಂದ ಸಾಲ ತಂದು ನಾಲ್ಕು ದಿನ ಖಾತೆಯಲ್ಲಿ ಇಟ್ಟು ತೋರಿಸುವುದನ್ನು ಇಲಾಖೆ ಒಪ್ಪುವುದಿಲ್ಲ. ಸುಳ್ಳು ದಾಖಲೆ ಕೊಟ್ಟದ್ದು ಸಾಬೀತಾದರೆ ಐದು ವರ್ಷ ಕೆನಡಾಕ್ಕೆ ಅರ್ಜಿ ಹಾಕದಂತೆ ನಿಷೇಧ ಬೀಳುತ್ತದೆ.

ಏಜೆಂಟರ ಸಹಾಯ ಪಡೆಯುವವರಿಗೆ

ಏಜೆಂಟರಿಲ್ಲದೆ ಅರ್ಜಿ ಹಾಕಲು ಸಾಧ್ಯವಿಲ್ಲ ಎಂಬುದು ತಪ್ಪು ಕಲ್ಪನೆ. ಎಲ್ಲಾ ನಮೂನೆಗಳೂ ಮಾರ್ಗದರ್ಶಿಗಳೂ ಉಚಿತವಾಗಿ ದೊರೆಯುತ್ತವೆ. ಏಜೆಂಟರ ಮೂಲಕ ಹೋದ ಅರ್ಜಿಗೆ ಇಲಾಖೆ ಯಾವ ವಿಶೇಷ ರಿಯಾಯಿತಿಯನ್ನೂ ಕೊಡುವುದಿಲ್ಲ.

ಆದರೂ ಪ್ರಕರಣ ಜಟಿಲವಾಗಿದ್ದರೆ ಸಲಹೆಗಾರರ ನೆರವು ಬೇಕಾಗಬಹುದು. ಕೆನಡಾದ ಕಾನೂನಿನ ಪ್ರಕಾರ ಹಣ ಪಡೆದು ವಲಸೆಯ ಸಲಹೆ ಕೊಡಲು ಅಧಿಕಾರವಿರುವವರು ಕೆಲವರೇ. ಅಲ್ಲಿನ ಪ್ರಾಂತ್ಯಗಳ ವಕೀಲರ ಸಂಘದ ಸದಸ್ಯರು, ಕ್ವಿಬೆಕ್‌ನ ನೋಟರಿಗಳು, ಹಾಗೂ ವಲಸೆ ಮತ್ತು ಪೌರತ್ವ ಸಲಹೆಗಾರರ ಕಾಲೇಜಿನಲ್ಲಿ ನೋಂದಾಯಿತರಾದವರು. ಈ ಕಾಲೇಜು 2021ರ ನವೆಂಬರಿನಲ್ಲಿ ಕಾರ್ಯಾರಂಭ ಮಾಡಿದ ನಿಯಂತ್ರಣ ಸಂಸ್ಥೆ. ಸಲಹೆಗಾರರ ಹೆಸರು ಇದರ ಅಂತರ್ಜಾಲ ಪಟ್ಟಿಯಲ್ಲಿ ಇದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಊರಿನಲ್ಲಿ ಎಷ್ಟೇ ದೊಡ್ಡ ಆಫೀಸು ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಸಲಹೆಯ ಹಣ ಕೊಡಬಾರದು.

ಉದ್ಯೋಗದ ಪತ್ರವನ್ನು ಮಾರುವವರ ಬಗ್ಗೆಯೂ ಎಚ್ಚರವಿರಲಿ. ಕೆನಡಾದ ಮಾಲೀಕರು ಹೊರಗಿನ ನೌಕರರನ್ನು ಕರೆಸಲು ಕಟ್ಟುವ 1,000 ಡಾಲರ್ ಶುಲ್ಕವನ್ನು ನೌಕರರಿಂದ ವಸೂಲು ಮಾಡುವಂತಿಲ್ಲ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಉದ್ಯೋಗದ ಪತ್ರಕ್ಕೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚ್ 25ರಂದು ತೆಗೆದುಹಾಕಲಾಗಿದೆ. ಅಂಕಕ್ಕಾಗಿ ಲಕ್ಷಗಟ್ಟಲೆ ಕೊಟ್ಟು ಪತ್ರ ಪಡೆದರೆ ಹಣವೂ ಹೋಗುತ್ತದೆ, ಅಂಕವೂ ಬರುವುದಿಲ್ಲ.

ಚರ್ಚಿನ ಕಾರ್ಯಕರ್ತರಿಗೆ ಒಂದು ಮಾತು

ನಮೂನೆ ತುಂಬಿಸಲು, ಕಂಪ್ಯೂಟರಿನಲ್ಲಿ ದಾಖಲೆ ಹಾಕಲು ವಾರ್ಡಿನ ಗುರಿಕಾರರ ಬಳಿಯೋ ಯುವಜನರ ಬಳಿಯೋ ಸಹಾಯ ಕೇಳಿ ಬರುವವರಿದ್ದಾರೆ. ಯಾವುದೇ ಪ್ರತಿಫಲ ಪಡೆಯದೆ ಸಹಾಯ ಮಾಡುವುದಕ್ಕೆ ಕೆನಡಾದ ಕಾನೂನಿನಲ್ಲಿ ಅಡ್ಡಿಯಿಲ್ಲ. ಆದರೆ ಹಣವಾಗಲಿ, ಉಡುಗೊರೆಯಾಗಲಿ ಪಡೆದು ಸಲಹೆ ಕೊಟ್ಟರೆ ಅದು ಅಧಿಕಾರವಿಲ್ಲದ ಸಲಹೆಗಾರಿಕೆ ಆಗುತ್ತದೆ. ಇನ್ನೊಬ್ಬರ ಪರವಾಗಿ ಇಲಾಖೆಯೊಂದಿಗೆ ವ್ಯವಹರಿಸುವವರ ಹೆಸರನ್ನು, ಉಚಿತವಾಗಿ ಮಾಡಿದರೂ ಸಹ, ಪ್ರತಿನಿಧಿಯ ನಮೂನೆಯಲ್ಲಿ ತಿಳಿಸಬೇಕು. ಸಹಾಯ ಮಾಡುವವರು ಅರ್ಜಿದಾರರ ಪಾಸ್‌ವರ್ಡನ್ನು ತಮ್ಮಲ್ಲಿ ಇಟ್ಟುಕೊಳ್ಳದಿರುವುದು ಇಬ್ಬರಿಗೂ ಕ್ಷೇಮ.

ಹಣ ಕೊಡುವ ಮೊದಲು

1. ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಮಾಡಿ: ಸರಕಾರಿ ಶುಲ್ಕ, ಪರೀಕ್ಷೆ ಮತ್ತು ತಪಾಸಣೆಯ ಖರ್ಚು, ಸಲಹೆಗಾರರ ಸಂಭಾವನೆ, ಖಾತೆಯಲ್ಲಿ ತೋರಿಸುವ ಹಣ. ಯಾರು ಯಾವ ಮೊತ್ತ ಕೇಳಿದರೂ ಅದು ಯಾವ ಅಂಕಣಕ್ಕೆ ಸೇರಿದ್ದೆಂದು ಕೇಳಿ.
2. ಮೊದಲ ಅಂಕಣದ ಹಣವನ್ನು ನಿಮ್ಮ ಅಥವಾ ಮನೆಯವರ ಕಾರ್ಡಿನಿಂದಲೇ ಕಟ್ಟಿ.
3. ಸಲಹೆಗಾರರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಅರ್ಜಿ ತಿರಸ್ಕೃತವಾದರೆ ಯಾವ ಹಣ ಯಾರಿಗೆ ಮರಳುತ್ತದೆ ಎಂಬುದು ಅದರಲ್ಲಿರಲಿ.
4. ಫೋನಿನಲ್ಲಿ "ಇಲಾಖೆಯಿಂದ ಮಾತನಾಡುತ್ತಿದ್ದೇವೆ, ಈಗಲೇ ಹಣ ಹಾಕಿ" ಎಂದವರಿಗೆ ಹಣ ಹಾಕಬೇಡಿ. ಸರಕಾರಿ ಶುಲ್ಕ ಯಾವ ವ್ಯಕ್ತಿಯ ಬ್ಯಾಂಕ್ ಖಾತೆಗೂ ಹೋಗುವುದಿಲ್ಲ.
5. ಕಟ್ಟುವ ದಿನ ಇಲಾಖೆಯ ದರಪಟ್ಟಿಯನ್ನು ಇನ್ನೊಮ್ಮೆ ನೋಡಿ.

ಕೊನೆಯದಾಗಿ, ಶುಲ್ಕ ಕಟ್ಟಿ ಪರವಾನಿಗೆ ಪಡೆದರೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಹೊಸದಾಗಿ ಖಾಯಂ ನಿವಾಸಿಯಾದವರಿಗೆ ಮೊದಲ ಕಾರ್ಡ್ ಉಚಿತವಾಗಿ ಬರುತ್ತದೆ. ಅದಕ್ಕಾಗಿ 180 ದಿನಗಳೊಳಗೆ ಕೆನಡಾದ ವಿಳಾಸವನ್ನು ಇಲಾಖೆಗೆ ತಿಳಿಸಬೇಕು. ಆ ಮೇಲೆ ಪ್ರತಿ ಐದು ವರ್ಷಗಳಲ್ಲಿ ಕನಿಷ್ಠ 730 ದಿನ ಕೆನಡಾದಲ್ಲಿ ವಾಸವಾಗಿರಬೇಕು. ಒಮ್ಮೆ ಹೋಗಿ ಕಾರ್ಡ್ ಪಡೆದು ಗಲ್ಫಿನ ಕೆಲಸಕ್ಕೆ ಮರಳುವವರು ಈ ದಿನಗಳ ಲೆಕ್ಕವನ್ನು ಮರೆತರೆ ಖಾಯಂ ವಾಸದ ಹಕ್ಕನ್ನೇ ಕಳೆದುಕೊಳ್ಳಬಹುದು. ಕಷ್ಟಪಟ್ಟು ಹೊಂದಿಸಿದ ಹಣ ಸಾರ್ಥಕವಾಗಬೇಕಾದರೆ ಕಟ್ಟುವ ಮೊದಲೂ ಕಟ್ಟಿದ ನಂತರವೂ ನಿಯಮಗಳನ್ನು ಸ್ವತಃ ಓದಿ ತಿಳಿದುಕೊಳ್ಳಿ ಎಂಬುದೇ ನಮ್ಮ ವಿನಂತಿ.